ಸಮನ್ಸಿಗೆ ಸವಾಲು: ಕೊಪ್ಪಳದ ರಿವಿಜನ್, ಧಾರವಾಡದ ಕ್ವಾಷಿಂಗ್

ಒಂದು ದೂರನ್ನೋ ಪೊಲೀಸರ ವರದಿಯನ್ನೋ ಓದಿದ ಮ್ಯಾಜಿಸ್ಟ್ರೇಟರು ಇದರಲ್ಲಿ ಅಪರಾಧದ ಅಂಶವಿದೆ, ಮುಂದುವರಿಯಬೇಕು ಎಂದು ನಿರ್ಧರಿಸುವ ಗಳಿಗೆಗೆ ಕೋರ್ಟಿನ ಆವರಣದಲ್ಲಿ ಕಾಗ್ನಿಜೆನ್ಸ್ ಎನ್ನುತ್ತಾರೆ. ಅದರ ಬೆನ್ನಿಗೇ ಆರೋಪಿಗೆ ಸಮನ್ಸ್ ಹೊರಡುತ್ತದೆ. ಅಲ್ಲಿಯವರೆಗೆ ಖಾಸಗಿ ದೂರಿಗಿದ್ದ ಪಿಸಿಆರ್ (ಖಾಸಗಿ ದೂರು ನೋಂದಣಿ) ಸಂಖ್ಯೆ ಹೋಗಿ ಸಿಸಿ (ಕ್ರಿಮಿನಲ್ ಕೇಸ್) ಸಂಖ್ಯೆ ಬರುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್) ನ್ಯಾಯಾಲಯಗಳಲ್ಲಿ ಈ ಎರಡೂ ಆದೇಶಗಳು ಸಾಮಾನ್ಯವಾಗಿ ಒಂದೇ ಆರ್ಡರ್ ಶೀಟಿನಲ್ಲಿ ಒಂದರ ಕೆಳಗೊಂದು ಇರುತ್ತವೆ. ಆದರೂ ಕಾನೂನಿನ ದೃಷ್ಟಿಯಲ್ಲಿ ಅವು ಬೇರೆ ಬೇರೆ. ಕಾಗ್ನಿಜೆನ್ಸ್ ತೆಗೆದುಕೊಳ್ಳುವುದು ಅಪರಾಧದ ಬಗ್ಗೆ, ಸಮನ್ಸ್ ಹೊರಡುವುದು ವ್ಯಕ್ತಿಯ ಮೇಲೆ. ಅಪರಾಧ ನಡೆದಿರಬಹುದು, ಆದರೆ ಅದಕ್ಕೂ ತನಗೂ ಸಂಬಂಧವೇನು ಎಂದು ಕೇಳುವ ಹಕ್ಕು ಪಟ್ಟಿಯಲ್ಲಿ ಐದನೆಯವನೋ ಆರನೆಯವನೋ ಆಗಿ ಸೇರಿಕೊಂಡ ಆರೋಪಿಗೂ ಇದೆ.

ಈ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ 2024ರ ಜೂನ್ 30ರವರೆಗೆ 1973ರ ದಂಡ ಪ್ರಕ್ರಿಯಾ ಸಂಹಿತೆಯ 190ನೇ ಕಲಮಿನಲ್ಲಿತ್ತು. ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದ್ದು, ಅಲ್ಲಿ 210ನೇ ಕಲಮು ಇದನ್ನೇ ಹೇಳುತ್ತದೆ. ಸಮನ್ಸಿನ 204 ಈಗ 227, ಸಾಕ್ಷ್ಯ ಬರೆದುಕೊಳ್ಳುವ 200 ಈಗ 223, ರಿವಿಜನ್ನಿನ 397 ಈಗ 438, ಹೈಕೋರ್ಟಿನ ಅಂತರ್ಗತ ಅಧಿಕಾರದ 482 ಈಗ 528. ವಕೀಲರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಗಳೇ ಓಡಾಡುತ್ತವೆ. ಅದಕ್ಕೆ ರೂಢಿ ಮಾತ್ರ ಕಾರಣವಲ್ಲ. 2024ರ ಜುಲೈಗೆ ಮೊದಲು ಬಾಕಿಯಿದ್ದ ಪ್ರಕರಣಗಳು ಹಳೆಯ ಸಂಹಿತೆಯಂತೆಯೇ ಸಾಗಬೇಕೆಂದು ಹೊಸ ಕಾನೂನೇ ಹೇಳಿದೆ.

ಮ್ಯಾಜಿಸ್ಟ್ರೇಟರ ಮುಂದೆ ಪ್ರಕರಣ ಬರುವ ಮುಖ್ಯ ದಾರಿಗಳು ಎರಡು. ಪೊಲೀಸರು ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಸಲ್ಲಿಸುವುದು ಒಂದು; ನೊಂದವರು ನೇರವಾಗಿ ಕೋರ್ಟಿಗೆ ಖಾಸಗಿ ದೂರು ಕೊಡುವುದು ಇನ್ನೊಂದು. ದೋಷಾರೋಪ ಪಟ್ಟಿಯ ಹಿಂದೆ ತನಿಖೆಯ ಕಡತವಿರುತ್ತದೆ. ಹಾಗಾಗಿ ಸಮನ್ಸ್ ಆದೇಶದಲ್ಲಿ ವಿವರವಾದ ಕಾರಣಗಳಿಲ್ಲ ಎಂಬುದನ್ನಷ್ಟೇ ಹಿಡಿದು ಅಂಥ ಆದೇಶವನ್ನು ಕೆಡವುವುದು ಕಷ್ಟ. ಸುಪ್ರೀಂ ಕೋರ್ಟ್ 2019ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಖಾಸಗಿ ದೂರಿಗೆ ಆ ಬೆಂಬಲವಿಲ್ಲ. ದೂರುದಾರನ ಮಾತು, ಅವನ ಸಾಕ್ಷಿಗಳ ಮಾತು, ಒಂದಿಷ್ಟು ಕಾಗದಪತ್ರ, ಅಷ್ಟೇ. ಆದ್ದರಿಂದ ಸವಾಲುಗಳು ಹೆಚ್ಚಾಗಿ ಗಟ್ಟಿಯಾಗಿ ನಿಲ್ಲುವುದು ಖಾಸಗಿ ದೂರುಗಳಲ್ಲಿ.

ಈ ವಿಷಯದಲ್ಲಿ ದೇಶದ ಎಲ್ಲ ಕೋರ್ಟುಗಳೂ ಇಂದಿಗೂ ಉಲ್ಲೇಖಿಸುವ ತೀರ್ಪು ಕರ್ನಾಟಕದ್ದೇ. ಕೊಲೆಯ ಆರೋಪ ಹೊರಿಸಿದ್ದ ಖಾಸಗಿ ದೂರೊಂದರಲ್ಲಿ ಮ್ಯಾಜಿಸ್ಟ್ರೇಟರು ಸಮನ್ಸ್ ಹೊರಡಿಸಿದ್ದರು. ಆರೋಪಿಗಳು ಹೈಕೋರ್ಟಿಗೆ ಹೋದರು. ಹೈಕೋರ್ಟು ಸಾಕ್ಷ್ಯದ ಒಳಹೊಕ್ಕು, ದೂರು ನಂಬಲರ್ಹವೇ ಎಂಬುದನ್ನೇ ತೂಗಿನೋಡಿ ಆದೇಶವನ್ನು ರದ್ದುಪಡಿಸಿತು. ದೂರುದಾರಳಾದ ನಾಗವ್ವ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಳು. 1976ರ ಏಪ್ರಿಲ್‌ನಲ್ಲಿ ಬಂದ ತೀರ್ಪು ಅವಳ ಪರವಾಗಿತ್ತು. ಮ್ಯಾಜಿಸ್ಟ್ರೇಟರ ಆದೇಶ ಮತ್ತೆ ಜೀವ ಪಡೆಯಿತು.

ಸಮನ್ಸ್ ಆದೇಶವನ್ನು ರದ್ದುಪಡಿಸಬಹುದಾದ ನಾಲ್ಕು ಸಂದರ್ಭಗಳನ್ನು ಆ ತೀರ್ಪು ಉದಾಹರಣೆಯಾಗಿ ಹೇಳಿತು. ದೂರಿನಲ್ಲಿ ಹೇಳಿದ್ದೆಲ್ಲ ನಿಜವೆಂದೇ ಒಪ್ಪಿಕೊಂಡರೂ ಅಪರಾಧ ಕಾಣದಿದ್ದರೆ. ಬುದ್ಧಿಯಿರುವ ಯಾರೂ ನಂಬಲಾಗದಷ್ಟು ಅಸಂಬದ್ಧ ಆರೋಪವಾಗಿದ್ದರೆ. ಸಾಕ್ಷ್ಯವೇ ಇಲ್ಲದೆ ಅಥವಾ ಸಂಬಂಧವೇ ಇಲ್ಲದ ಸಾಮಗ್ರಿಯ ಮೇಲೆ ಮ್ಯಾಜಿಸ್ಟ್ರೇಟರು ಮನಬಂದಂತೆ ಆದೇಶ ಮಾಡಿದ್ದರೆ. ಸರ್ಕಾರದ ಪೂರ್ವಾನುಮತಿ ಇಲ್ಲದಿರುವುದು ಅಥವಾ ಕಾನೂನು ಹೇಳಿದ ಅಧಿಕಾರಿಯ ಬದಲು ಬೇರೆಯವರು ದೂರು ಕೊಟ್ಟಿರುವುದು ಮುಂತಾದ ಮೂಲದೋಷವಿದ್ದರೆ. ಸವಾಲಿನ ಅರ್ಜಿಗಳಲ್ಲಿ ಈ ನಾಲ್ಕು ಸಾಲುಗಳನ್ನು ಮತ್ತೆ ಮತ್ತೆ ಉಲ್ಲೇಖಿಸುವವರು ಆರೋಪಿಗಳೇ. ನಾಗವ್ವ ಪ್ರಕರಣದಲ್ಲಿ ಸೋತವರೂ ಆರೋಪಿಗಳೇ ಎಂಬುದು ಆ ಅರ್ಜಿಗಳಲ್ಲಿ ಕಾಣುವುದಿಲ್ಲ. ತೀರ್ಪಿನ ನಿಜವಾದ ತಿರುಳು ಅದರ ಇನ್ನೊಂದು ಮಾತಿನಲ್ಲಿದೆ: ಸಮನ್ಸ್ ಹಂತದಲ್ಲಿ ನೋಡಬೇಕಾದ್ದು ಮೇಲ್ನೋಟಕ್ಕೆ ಪ್ರಕರಣವಿದೆಯೇ ಎಂಬುದನ್ನು ಮಾತ್ರ, ಶಿಕ್ಷೆಯಾಗುತ್ತದೆಯೇ ಎಂಬುದನ್ನಲ್ಲ. ಆರೋಪಿಯ ಸಮರ್ಥನೆಯನ್ನು ತೂಗುವ ಕೆಲಸ ಮ್ಯಾಜಿಸ್ಟ್ರೇಟರದೂ ಅಲ್ಲ, ಆ ಹಂತದಲ್ಲಿ ಹೈಕೋರ್ಟಿನದೂ ಅಲ್ಲ.

ಒಂದು ವರ್ಷ ತುಂಬುವ ಮೊದಲೇ, 1977ರ ಮಾರ್ಚ್‌ನಲ್ಲಿ, ಕರ್ನಾಟಕದ್ದೇ ಆದ ಮುನಿಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾಣ್ಯದ ಮತ್ತೊಂದು ಮುಖ ತೋರಿಸಿತು. ಅದು ಸೆಷನ್ಸ್ ಹಂತಕ್ಕೆ ಬಂದಿದ್ದ ಒಳಸಂಚಿನ ಪ್ರಕರಣ. ಹಲವು ಆರೋಪಿಗಳ ವಿರುದ್ಧ ಹುರುಳಿಲ್ಲವೆಂದು ಹೈಕೋರ್ಟು ಪ್ರಕ್ರಿಯೆಯನ್ನು ರದ್ದುಪಡಿಸಿತ್ತು. ರಾಜ್ಯ ಸರ್ಕಾರದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕೋರ್ಟಿನ ಪ್ರಕ್ರಿಯೆ ಕಿರುಕುಳದ ಸಾಧನವಾಗಲು ಬಿಡಬಾರದು ಎಂದು ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಬರೆದರು. ಇಂದಿಗೂ ಹೈಕೋರ್ಟಿನಲ್ಲಿ ವಾದ ನಡೆಯುವುದು ಈ ಎರಡು ತೀರ್ಪುಗಳ ನಡುವಣ ಜಾಗದಲ್ಲಿ. 1990ರ ನವೆಂಬರ್‌ನಲ್ಲಿ ಹರಿಯಾಣದ ಭಜನ್ ಲಾಲ್ ಪ್ರಕರಣ ರದ್ದತಿಯ ಕಾರಣಗಳನ್ನು ಏಳು ಬಗೆಯಾಗಿ ವಿಂಗಡಿಸಿತು. 1997ರಲ್ಲಿ, ತಂಪುಪಾನೀಯದ ಬಾಟಲಿಯೊಂದರ ಬಗ್ಗೆ ಲಖನೌನಲ್ಲಿ ಹೂಡಿದ್ದ ದೂರಿನಿಂದ ಹುಟ್ಟಿದ ಪೆಪ್ಸಿ ಫುಡ್ಸ್ ಪ್ರಕರಣದಲ್ಲಿ, ಒಬ್ಬನನ್ನು ಆರೋಪಿಯಾಗಿ ಕರೆಸುವುದು ಗಂಭೀರ ಸಂಗತಿ, ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿದ ಮಾತ್ರಕ್ಕೆ ಸಮನ್ಸ್ ತಾನಾಗಿ ಹೊರಡಬಾರದು ಎಂಬ ಮಾತು ಬಂತು.

ಸವಾಲು ಹಾಕುವುದು ಎಲ್ಲಿ? ಸಮನ್ಸ್ ಕೊಟ್ಟ ಮ್ಯಾಜಿಸ್ಟ್ರೇಟರ ಮುಂದೆಯೇ ಹೋಗಿ, ಸ್ವಾಮಿ, ಇದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳುವಂತಿಲ್ಲ. 1991ರಲ್ಲಿ ಕೇರಳದ ಕೆ.ಎಂ. ಮ್ಯಾಥ್ಯೂ ಪ್ರಕರಣದಲ್ಲಿ ಹಾಗೆ ಕೇಳಲು ಅವಕಾಶ ಸಿಕ್ಕಿತ್ತು. 2004ರ ಆಗಸ್ಟ್‌ನಲ್ಲಿ ಅದಾಲತ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮುಚ್ಚಿತು. ತನ್ನ ಆದೇಶವನ್ನು ತಾನೇ ಮರುಪರಿಶೀಲಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿಲ್ಲ ಎಂದಿತು. ಉಳಿದದ್ದು ಎರಡು ಕಡೆ. ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದಲ್ಲಿ ರಿವಿಜನ್ ಅರ್ಜಿ, ಅಥವಾ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಅಂತರ್ಗತ ಅಧಿಕಾರದಡಿ ರದ್ದತಿಯ ಅರ್ಜಿ, ಅಂದರೆ ಎಲ್ಲರ ಬಾಯಲ್ಲಿರುವ ಕ್ವಾಷಿಂಗ್.

ಧಾರವಾಡ ಎಂಬುದು ಇಲ್ಲಿ ಸಣ್ಣ ವಿವರವಲ್ಲ. ನಿಜಾಮನ ಆಳ್ವಿಕೆಯಲ್ಲಿದ್ದ ಕೊಪ್ಪಳ ಸೀಮೆಗೆ ಭಾರತದ ದಂಡ ಪ್ರಕ್ರಿಯಾ ಸಂಹಿತೆ ಅನ್ವಯವಾದದ್ದು 1951ರ ಏಪ್ರಿಲ್ 1ರಂದು. 1956ರವರೆಗೆ ಇಲ್ಲಿಯ ಹೈಕೋರ್ಟು ಹೈದರಾಬಾದಿನಲ್ಲಿತ್ತು, ಆಮೇಲೆ ಬೆಂಗಳೂರಿಗೆ ಹೋಯಿತು. 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಶುರುವಾಗಿ 2013ರ ಆಗಸ್ಟ್‌ನಲ್ಲಿ ಕಾಯಂ ಆದವು. 1998ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆ ಕಂದಾಯದ ಲೆಕ್ಕದಲ್ಲಿ ಕಲಬುರಗಿ ವಿಭಾಗಕ್ಕೆ ಸೇರಿದ್ದರೂ ಹೈಕೋರ್ಟಿನ ಲೆಕ್ಕದಲ್ಲಿ ಧಾರವಾಡಕ್ಕೆ ಸೇರಿದೆ. ಗದಗ, ಹುಬ್ಬಳ್ಳಿ ದಾರಿಯಲ್ಲಿ ರೈಲು ಹತ್ತಿ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು ಎಂಬ ಒಂದೇ ಕಾರಣಕ್ಕೆ, ಬೆಂಗಳೂರಿಗೆ ಹೋಗುವ ಶಕ್ತಿಯಿಲ್ಲದೆ ಸುಮ್ಮನಿರುತ್ತಿದ್ದವರಿಗೂ ಹೈಕೋರ್ಟು ಕೈಗೆಟುಕಿತು. ಧಾರವಾಡದ ಅರ್ಜಿಗಳನ್ನು ಸಂಖ್ಯೆಯಿಂದಲೇ ಗುರುತಿಸಬಹುದು. ಅಲ್ಲಿಯ ಸರಣಿ ಒಂದು ಲಕ್ಷದಿಂದ ಮೇಲಕ್ಕೆ ಶುರುವಾಗುತ್ತದೆ.

ರಿವಿಜನ್ನಿನಲ್ಲಿ ಸೆಷನ್ಸ್ ನ್ಯಾಯಾಧೀಶರು ಕೆಳಗಿನ ಕೋರ್ಟಿನ ಕಡತ ತರಿಸಿ, ಆದೇಶ ಕಾನೂನುಬದ್ಧವೇ, ಸರಿಯೇ, ಕ್ರಮದಂತಿದೆಯೇ ಎಂದು ನೋಡುತ್ತಾರೆ. ಮಧ್ಯಂತರ ಆದೇಶಗಳ ಮೇಲೆ ರಿವಿಜನ್ ನಡೆಯದು ಎಂಬ ನಿರ್ಬಂಧವಿದೆ. ಆದರೆ ಸಮನ್ಸ್ ಆದೇಶ ಆ ಗುಂಪಿಗೆ ಸೇರುವುದಿಲ್ಲ ಎಂಬುದು 1977ರ ಅಮರನಾಥ್ ಮತ್ತು ಮಧು ಲಿಮಯೆ ತೀರ್ಪುಗಳ ನಂತರ ಹಂತಹಂತವಾಗಿ ಗಟ್ಟಿಯಾಗಿದೆ. ರಿವಿಜನ್ನಿಗೆ 90 ದಿನಗಳ ಗಡುವಿದೆ. ಅಲ್ಲಿ ಸೋತವರು ಎರಡನೇ ರಿವಿಜನ್ ಹಾಕುವಂತಿಲ್ಲ. ಹೈಕೋರ್ಟಿನ ಅಂತರ್ಗತ ಅಧಿಕಾರವನ್ನು ಕೋರಬಹುದಾದರೂ ಆಗ ನ್ಯಾಯಮೂರ್ತಿಗಳು ಕೈಹಾಕುವುದು ಅಪರೂಪ. ಇತ್ತ ರಿವಿಜನ್ನಿಗೆ ಹೋಗದೆ ನೇರವಾಗಿ ಹೈಕೋರ್ಟಿಗೆ ಬಂದರು ಎಂಬ ಕಾರಣಕ್ಕೆ ಅರ್ಜಿಯನ್ನು ತಳ್ಳುವಂತಿಲ್ಲ ಎಂದು 2016ರಲ್ಲಿ ಪ್ರಭು ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದಿನಿಂದ ಕೊಪ್ಪಳವನ್ನು ಬಿಟ್ಟು ಧಾರವಾಡಕ್ಕೆ ಹಾರುವುದೇ ಜಾಣತನ ಎಂಬ ಭಾವನೆ ಬೆಳೆದಿದೆ. ಆದರೆ ಪ್ರಮಾಣ ಮಾಡಿಸಿ ಹೇಳಿಕೆ ಬರೆದುಕೊಂಡಿಲ್ಲ, ಅಗತ್ಯ ವಿಚಾರಣೆ ಮಾಡಿಲ್ಲ ಎಂಬಂಥ ಕಡತದಲ್ಲೇ ಕಾಣುವ ತಪ್ಪಿಗೆ ಕೊಪ್ಪಳದ ಕೋರ್ಟೇ ಸಾಕು, ಖರ್ಚೂ ಕಡಿಮೆ. ದೂರೇ ದುರುದ್ದೇಶದ್ದು, ಇಡೀ ಪ್ರಕರಣವನ್ನೇ ಕಿತ್ತುಹಾಕಬೇಕು, ಅಥವಾ ಕೆಳಗಿನ ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳಲಾಗದ ಪ್ರಕರಣದಲ್ಲಿ ಎರಡೂ ಕಡೆಯವರು ರಾಜಿಯಾಗಿದ್ದೇವೆ ಎನ್ನುವವರಿಗೆ ಮಾತ್ರ ಧಾರವಾಡ ಅನಿವಾರ್ಯ. ಆ ಅಂತರ್ಗತ ಅಧಿಕಾರ ಸೆಷನ್ಸ್ ಕೋರ್ಟಿಗಿಲ್ಲ.

ಕರ್ನಾಟಕದಲ್ಲಿ ಮ್ಯಾಜಿಸ್ಟ್ರೇಟರ ಆದೇಶಗಳು ಮುಗ್ಗರಿಸುವ ಒಂದು ಜಾಗವನ್ನು ವಿಶೇಷವಾಗಿ ಹೇಳಬೇಕು. ಅದು ಬಿ ರಿಪೋರ್ಟ್. ತನಿಖೆ ಮಾಡಿದ ಪೊಲೀಸರು ದೂರಿನಲ್ಲಿ ಹುರುಳಿಲ್ಲವೆಂದು ಬಿ ರಿಪೋರ್ಟ್ ಹಾಕುತ್ತಾರೆ. ದೂರುದಾರ ಅದಕ್ಕೆ ತಕರಾರು ಅರ್ಜಿ ಕೊಡುತ್ತಾನೆ. ಮ್ಯಾಜಿಸ್ಟ್ರೇಟರು ಅವನ ಹೇಳಿಕೆ ಬರೆದುಕೊಂಡು ನೇರವಾಗಿ ಸಮನ್ಸ್ ಹೊರಡಿಸುತ್ತಾರೆ. ಬಿ ರಿಪೋರ್ಟಿನ ಗತಿ ಏನಾಯಿತು ಎಂಬುದು ಕಡತದಲ್ಲಿ ಎಲ್ಲೂ ಇರುವುದಿಲ್ಲ. 2018ರ ಡಾ. ರವಿಕುಮಾರ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು ಇದರ ಕ್ರಮವನ್ನು ಗೆರೆ ಎಳೆದಂತೆ ಹೇಳಿದೆ. ಮೊದಲು ಬಿ ರಿಪೋರ್ಟನ್ನೂ ಅದರ ಜೊತೆಗಿನ ತನಿಖಾ ಸಾಮಗ್ರಿಯನ್ನೂ ಓದಬೇಕು. ಒಪ್ಪದಿದ್ದರೆ ಏಕೆ ಒಪ್ಪುವುದಿಲ್ಲವೆಂದು ಬರೆದು ತಿರಸ್ಕರಿಸಬೇಕು. ಆಮೇಲಷ್ಟೇ ತಕರಾರು ಅರ್ಜಿಯ ಮೇಲೆ ಕಾಗ್ನಿಜೆನ್ಸ್, ಹೇಳಿಕೆ, ಸಮನ್ಸ್. ಈ ತೀರ್ಪಿನ ಆಧಾರದಲ್ಲಿ ಸಮನ್ಸ್ ಆದೇಶಗಳು ಬಿದ್ದಿವೆ, ಈಗಲೂ ಬೀಳುತ್ತಿವೆ. ಆರೋಪಿ ನಿರ್ದೋಷಿಯೆಂದು ಅದರ ಅರ್ಥವಲ್ಲ. ಒಂದು ಪುಟದ ಆದೇಶ ಬರೆಯದೆ ಹೋದದ್ದರಿಂದ ದೂರುದಾರನ ವರ್ಷಗಳು ಹಾಳಾಗುತ್ತವೆ, ಅಷ್ಟೇ. ಹಾಗೆಯೇ, ತನಿಖೆ ಮಾಡಿದ ಪೊಲೀಸರು ಹುರುಳಿಲ್ಲವೆಂದ ಪ್ರಕರಣವನ್ನು ಕೋರ್ಟು ಏಕೆ ಕೈಗೆತ್ತಿಕೊಂಡಿತು ಎಂದು ತಿಳಿಯುವ ಹಕ್ಕು ಆರೋಪಿಗೂ ಇದ್ದೇ ಇದೆ.

ಇನ್ನೊಂದು ಎಡವುವ ಜಾಗ ಊರಿನ ಗಡಿ. ಆರೋಪಿ ಆ ಮ್ಯಾಜಿಸ್ಟ್ರೇಟರ ವ್ಯಾಪ್ತಿಯ ಹೊರಗೆ ವಾಸವಿದ್ದರೆ, ಸಮನ್ಸಿಗೆ ಮೊದಲು ಮ್ಯಾಜಿಸ್ಟ್ರೇಟರು ತಾವೇ ವಿಚಾರಿಸಬೇಕು ಅಥವಾ ತನಿಖೆಗೆ ಆದೇಶಿಸಬೇಕು ಎಂದು 2006ರ ಜೂನ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಕಡ್ಡಾಯ ಮಾಡಿದೆ. ಗಂಗಾವತಿಯಲ್ಲಿ ಹೂಡಿದ ದೂರಿಗೆ ಸಿಂಧನೂರಿನವನನ್ನೋ ಹೊಸಪೇಟೆಯವನನ್ನೋ ಕರೆಸುವಾಗ ಈ ಹೆಜ್ಜೆ ಬಿಟ್ಟುಹೋದರೆ ಆದೇಶ ನಿಲ್ಲುವುದು ಕಷ್ಟ. ದೂರದವರನ್ನು ಅಲೆಸುವ ಉದ್ದೇಶಕ್ಕೇ ಖಾಸಗಿ ದೂರು ಹಾಕುವ ಚಾಳಿಯನ್ನು ತಡೆಯಲು ಬಂದ ನಿಯಮವಿದು.

ಭತ್ತ, ಅಕ್ಕಿ ಗಿರಣಿ, ಕಮಿಷನ್ ಅಂಗಡಿಗಳ ಊರಾದ ಗಂಗಾವತಿಯಂಥ ಕಡೆ ಚೆಕ್ ಬೌನ್ಸ್ ಪ್ರಕರಣ ಅಪರಿಚಿತವಲ್ಲ. 2015ರ ತಿದ್ದುಪಡಿಯ ನಂತರ, ಹಣ ಪಡೆಯಬೇಕಾದವನು ಚೆಕ್ಕನ್ನು ಖಾತೆಗೆ ಹಾಕಿದ್ದರೆ ಅವನ ಬ್ಯಾಂಕ್ ಶಾಖೆ ಇರುವ ಊರಿನಲ್ಲೇ ದೂರು ಹೂಡಬೇಕು. ಹಾಗಾಗಿ ಹೊರಜಿಲ್ಲೆಯ ವ್ಯಾಪಾರಿಗೆ ಗಂಗಾವತಿಯ ಸಮನ್ಸ್ ಬರುತ್ತದೆ. ಇಲ್ಲಿ ಮೇಲಿನ ವಿಚಾರಣೆಯನ್ನು ಸಾಕ್ಷಿಗಳನ್ನು ನಿಲ್ಲಿಸಿ ಮಾಡಬೇಕಿಲ್ಲ, ಅಫಿಡವಿಟ್ಟಿನ ಮೇಲೆ ಮಾಡಿದರೆ ಸಾಕು ಎಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಚೆಕ್ ಪ್ರಕರಣದ ಸಮನ್ಸಿಗೆ ಸವಾಲು ಹಾಕುವವರು ನೋಡುವುದು ದಿನಾಂಕಗಳನ್ನು. ಚೆಕ್ ತಿರಸ್ಕೃತವಾದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಹೋಯಿತೇ, ಹಣ ಕೊಡಲು 15 ದಿನ ಸಿಕ್ಕಿತೇ, ಆ ಗಡುವು ಮುಗಿದ ಒಂದು ತಿಂಗಳೊಳಗೆ ದೂರು ಬಂತೇ? ಇವುಗಳಲ್ಲಿ ಒಂದು ತಪ್ಪಿದರೂ ಸವಾಲಿಗೆ ಬಲವಿದೆ. ದೂರು ತಡವಾದದ್ದಕ್ಕೆ ಮಾತ್ರ, ತಕ್ಕ ಕಾರಣವಿದ್ದರೆ ಕೋರ್ಟು ಮನ್ನಿಸಬಹುದು. ಚೆಕ್ಕನ್ನು ಭದ್ರತೆಗೆಂದು ಕೊಟ್ಟಿದ್ದೆ, ಸಾಲ ತೀರಿತ್ತು ಎಂಬ ವಾದಕ್ಕೆ ಜಾಗ ವಿಚಾರಣೆಯಲ್ಲಿ, ಧಾರವಾಡದಲ್ಲಲ್ಲ.

ಜಮೀನಿನ ಜಗಳ ಕ್ರಿಮಿನಲ್ ದೂರಿನ ವೇಷ ಹಾಕಿ ಬರುವುದುಂಟು. ಪಾಲು ಸಿಗದ ಅಣ್ಣತಮ್ಮಂದಿರು, ಕರಾರು ಪತ್ರ ಬರೆದುಕೊಟ್ಟು ನೋಂದಣಿಗೆ ಬಾರದ ಮಾರಾಟಗಾರ, ಎಲ್ಲವೂ ವಂಚನೆ ಮತ್ತು ನಂಬಿಕೆದ್ರೋಹದ ಕಲಮುಗಳಾಗುತ್ತವೆ. ಮಾತಿಗೆ ತಪ್ಪಿದ್ದು ಬೇರೆ, ಮೊದಲಿನಿಂದಲೇ ಮೋಸದ ಉದ್ದೇಶವಿದ್ದದ್ದು ಬೇರೆ. ಈ ವ್ಯತ್ಯಾಸ ದೂರಿನಲ್ಲಿ ಕಾಣದಿದ್ದರೆ ಸಿವಿಲ್ ಕೋರ್ಟಿಗೆ ಹೋಗಿ ಎಂದು ಹೈಕೋರ್ಟು ಹೇಳುತ್ತದೆ. ಹಾಗೆಂದು ಸಿವಿಲ್ ದಾವೆ ಬಾಕಿಯಿದೆ ಎಂಬುದೊಂದೇ ರದ್ದತಿಗೆ ಕಾರಣವಾಗದು, ಒಂದೇ ಘಟನೆ ಎರಡೂ ಆಗಿರಬಹುದು. ವರದಕ್ಷಿಣೆ ಕಿರುಕುಳದ ಪ್ರಕರಣಗಳಲ್ಲಿ ಗಂಡನ ಜೊತೆಗೆ ಅತ್ತೆ, ಮಾವ, ಮೈದುನ, ನಾದಿನಿ, ಬೇರೆ ಊರಿನಲ್ಲಿರುವ ನಾದಿನಿಯ ಗಂಡ ಎಲ್ಲರ ಹೆಸರೂ ಇದ್ದಾಗ, ಯಾರು ಯಾವಾಗ ಏನು ಮಾಡಿದರೆಂಬ ವಿವರವಿಲ್ಲದ ಹೆಸರುಗಳನ್ನು ಕೋರ್ಟುಗಳು ಕೈಬಿಡುತ್ತವೆ. 2022ರ ಕಹಕಶಾನ್ ಕೌಸರ್ ತೀರ್ಪು ಇದಕ್ಕೆ ಮುಖ್ಯ ಆಧಾರ. ಗಂಡನ ಮೇಲಿನ ಪ್ರಕರಣ ಮಾತ್ರ ಮುಂದುವರಿಯುತ್ತದೆ.

ಸರ್ಕಾರಿ ನೌಕರರು ಮತ್ತು ಪೊಲೀಸರ ಸವಾಲು ಬಹುತೇಕ ಪೂರ್ವಾನುಮತಿಯ ಸುತ್ತಲೇ ಇರುತ್ತದೆ. 2020ರ ಜೂನ್‌ನಲ್ಲಿ ತೀರ್ಪಾದ ಕರ್ನಾಟಕದ ದೇವರಾಜ ಪ್ರಕರಣದಲ್ಲಿ, ಠಾಣೆಯಲ್ಲಿ ಹಿಂಸೆ ಕೊಟ್ಟರೆಂಬ ಖಾಸಗಿ ದೂರಿನ ಮೇಲೆ ಮ್ಯಾಜಿಸ್ಟ್ರೇಟರು ಪೊಲೀಸ್ ಅಧಿಕಾರಿಗೆ ಸಮನ್ಸ್ ಕೊಟ್ಟಿದ್ದರು. ಕೃತ್ಯ ಕರ್ತವ್ಯದ ಎಲ್ಲೆ ಮೀರಿದ್ದರೂ ಕರ್ತವ್ಯದೊಂದಿಗೆ ನಂಟಿರುವಾಗ ಸರ್ಕಾರದ ಅನುಮತಿ ಬೇಕು ಎಂದ ಸುಪ್ರೀಂ ಕೋರ್ಟ್ ದೂರನ್ನು ರದ್ದುಪಡಿಸಿತು. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮೂ ಇದೇ ರಕ್ಷಣೆ ಕೊಡುತ್ತದೆ. ತಾಲ್ಲೂಕು ಊರಿನ ಬಡ ದೂರುದಾರನಿಗೆ ಇದು ದಾಟಲು ಕಷ್ಟವಾದ ಗೋಡೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ನಾಗವ್ವ ತೀರ್ಪಿನ ಒಂದು ತಳಹದಿಯನ್ನು ಹೊಸ ಸಂಹಿತೆ ಅಲುಗಾಡಿಸಿದೆ. ಸಮನ್ಸ್ ಬರುವ ಮೊದಲು ಆರೋಪಿಗೆ ಮಾತಿಗೆ ಅವಕಾಶವಿಲ್ಲ ಎಂಬುದು ಅರ್ಧ ಶತಮಾನ ನಡೆದುಬಂದ ನಿಯಮ. 223ನೇ ಕಲಮು ಅದನ್ನು ತಿರುಗಿಸಿ, ಖಾಸಗಿ ದೂರಿನಲ್ಲಿ ಆರೋಪಿಯ ಮಾತು ಕೇಳದೆ ಕಾಗ್ನಿಜೆನ್ಸ್ ತೆಗೆದುಕೊಳ್ಳಬಾರದು ಎಂದಿತು. ಇದರ ಕ್ರಮವೇನೆಂದು ಮೊದಮೊದಲು ಹೇಳಿದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಸಚಿವ ಶಿವಾನಂದ ಪಾಟೀಲರು ಶಾಸಕ ಬಸನಗೌಡ ಪಾಟೀಲ ಯತ್ನಾಳರ ಮೇಲೆ ಹೂಡಿದ್ದ ಮಾನನಷ್ಟ ದೂರಿನಲ್ಲಿ, ದೂರುದಾರರ ಹೇಳಿಕೆ ಬರೆದುಕೊಳ್ಳುವ ಮೊದಲೇ ಎದುರಾಳಿಗೆ ನೋಟಿಸ್ ಹೋಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ನೋಟಿಸನ್ನು ರದ್ದುಪಡಿಸಿದರು. ಮೊದಲು ದೂರುದಾರ ಮತ್ತು ಸಾಕ್ಷಿಗಳ ಪ್ರಮಾಣ ಹೇಳಿಕೆ, ನಂತರ ಆ ಹೇಳಿಕೆಗಳ ಸಮೇತ ಆರೋಪಿಗೆ ನೋಟಿಸ್, ಅವರ ಮಾತು ಕೇಳಿದ ಮೇಲೆ ಕಾಗ್ನಿಜೆನ್ಸ್ ಎಂದು ಕ್ರಮ ಹಾಕಿಕೊಟ್ಟು ದೂರನ್ನು ಕೆಳಗಿನ ಕೋರ್ಟಿಗೇ ಕಳಿಸಿದರು. ಚೆಕ್ ಬೌನ್ಸಿಗೆ ಮಾತ್ರ ಈ ಮುಂಗಡ ನೋಟಿಸ್ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟು ಮತ್ತೊಂದು ಪ್ರಕರಣದಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 25ರಂದು ಆ ಅಭಿಪ್ರಾಯವನ್ನು ಒಪ್ಪಿಕೊಂಡಿತು.

ಯತ್ನಾಳ್ ಪ್ರಕರಣದಲ್ಲಿ ಆದದ್ದೇ ಗೆದ್ದ ಸವಾಲುಗಳಲ್ಲಿ ಹಲವಕ್ಕೆ ಆಗುತ್ತದೆ: ಆದೇಶ ಹೋಗುತ್ತದೆ, ದೂರು ಉಳಿಯುತ್ತದೆ. ಕ್ರಮದ ತಪ್ಪಿಗೆ ಸಿಗುವ ಪರಿಹಾರ ಕ್ರಮ ಸರಿಪಡಿಸಿ ಎಂಬುದಷ್ಟೇ. ಧಾರವಾಡದಲ್ಲಿ ಕೇಸ್ ವಜಾ ಆಯಿತು ಎಂದು ಊರಿಗೆ ಬಂದು ಹೇಳಿಕೊಂಡವರಿಗೆ ಆರು ತಿಂಗಳ ಮೇಲೆ ಅದೇ ಕೋರ್ಟಿನಿಂದ ಮತ್ತೆ ಸಮನ್ಸ್ ಬರಬಹುದು. ಆದೇಶದ ಕೊನೆಯ ಪ್ಯಾರಾದಲ್ಲಿ ಪ್ರಕ್ರಿಯೆಯನ್ನೇ ರದ್ದುಪಡಿಸಿದೆಯೋ, ಮರುಪರಿಶೀಲನೆಗೆ ಕಳಿಸಿದೆಯೋ ಎಂಬುದನ್ನು ಓದಿ ನೋಡಬೇಕು.

ಅರ್ಜಿ ಹಾಕಿದ ಮಾತ್ರಕ್ಕೆ ಕೆಳಗಿನ ಕೋರ್ಟಿನ ವಿಚಾರಣೆ ನಿಲ್ಲುವುದಿಲ್ಲ. ಬೇರೆಯಾಗಿ ತಡೆಯಾಜ್ಞೆ ಬೇಕು. ಸಿಗುವವರೆಗೆ ಪ್ರತಿ ದಿನಾಂಕಕ್ಕೂ ಹಾಜರಾಗಬೇಕು ಅಥವಾ ಖುದ್ದು ಹಾಜರಿಯಿಂದ ವಿನಾಯಿತಿ ಪಡೆಯಬೇಕು, ಇಲ್ಲವಾದರೆ ವಾರಂಟ್ ಬರುತ್ತದೆ. ಆರು ತಿಂಗಳಾದರೆ ತಡೆಯಾಜ್ಞೆ ತಾನಾಗಿ ತೆರವಾಗುತ್ತದೆ ಎಂಬ 2018ರ ನಿಯಮವನ್ನು 2024ರ ಫೆಬ್ರುವರಿ 29ರಂದು ಸುಪ್ರೀಂ ಕೋರ್ಟಿನ ಐವರ ಪೀಠ ತೆಗೆದುಹಾಕಿದೆ.

ದೂರುದಾರನಿಗೂ ಇದೇ ದಾರಿಗಳಿವೆ. ಮ್ಯಾಜಿಸ್ಟ್ರೇಟರು ದೂರನ್ನು ವಜಾ ಮಾಡಿದರೆ ಅವನೂ ಕೊಪ್ಪಳದಲ್ಲಿ ರಿವಿಜನ್ ಹಾಕಬಹುದು. ಆಗ, ಕೆಳಗಿನ ಕೋರ್ಟಿನಲ್ಲಿ ಇನ್ನೂ ಸಮನ್ಸ್ ಕಾಣದ ಆರೋಪಿಗೂ ನೋಟಿಸ್ ಕೊಟ್ಟು ಕೇಳಲೇಬೇಕು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸವಾಲು ಸೋತರೂ ಆರೋಪಿಯ ಕೈ ಪೂರ್ತಿ ಖಾಲಿಯಾಗುವುದಿಲ್ಲ. ದೋಷಾರೋಪ ಪಟ್ಟಿಯ ವಾರಂಟ್ ಪ್ರಕರಣಗಳಲ್ಲಿ ಕೈಬಿಡುವ ಅರ್ಜಿ, ಅಂದರೆ ಡಿಸ್ಚಾರ್ಜ್, ಹಾಕಬಹುದು. ದಾಖಲೆಗಳ ಪ್ರತಿ ಸಿಕ್ಕ 60 ದಿನದೊಳಗೆ ಹಾಕಬೇಕೆಂಬ ಗಡುವನ್ನು ಹೊಸ ಸಂಹಿತೆ ಸೇರಿಸಿದೆ. ಚೆಕ್ ಬೌನ್ಸ್‌ನಂಥ, ಕಡಿಮೆ ಶಿಕ್ಷೆಯ ‘ಸಮನ್ಸ್ ಪ್ರಕರಣ’ಗಳಲ್ಲಿ ಆ ಅವಕಾಶವೂ ಇಲ್ಲ. ಅಲ್ಲಿ ರಾಜಿಯಾಗದಿದ್ದರೆ ಉಳಿಯುವುದು ಅದೇ ಜೆಎಂಎಫ್‌ಸಿ ಕೋರ್ಟಿನಲ್ಲಿ ಪೂರ್ಣ ವಿಚಾರಣೆ.